ಒದ್ದೆ ನೆಲ

ಪಿಂಚಣಿ ಕಚೇರಿಗೆ ಹೋಗುವ ದಿನ ಡ್ರೈವರ್ ಬೆಳಗಿನಿಂದ ನೀರು ಮುಟ್ಟುತ್ತಿರಲಿಲ್ಲ. ಮಾತ್ರೆಯನ್ನೂ ಒಣ ಗಂಟಲಲ್ಲೇ ನುಂಗುತ್ತಿದ್ದ. ಹೆಂಡತಿ ಟೀ ಲೋಟ ಮುಂದಿಟ್ಟರೆ ಅತ್ತ ಸರಿಸುತ್ತಿದ್ದ. ಅವಳು ಹಳೆಯ ಹಾಸಿಗೆ ಬಟ್ಟೆಯನ್ನು ಕತ್ತರಿಸಿ, ದಪ್ಪಗೆ ಮಡಿಚಿ, ಅವನ ಪ್ಯಾಂಟಿನೊಳಗೆ ಹೊಲಿದುಕೊಡುತ್ತಿದ್ದಳು. ಪ್ಯಾಂಟು ಕಪ್ಪಗೇ ಇರಬೇಕು. ಕಪ್ಪಾದರೆ ಒದ್ದೆಯಾದದ್ದು ಬೇಗ ಕಾಣುವುದಿಲ್ಲ.

"ಒಂದು ಗುಟುಕಾದ್ರೂ ಕುಡೀರಿ. ತುಟಿ ಒಡೆದಿದೆ ನೋಡಿ."

"ಬಂದ್ಮೇಲೆ ಕುಡೀತೀನಿ."

"ಇವತ್ತಾದ್ರೂ ಇದ್ದದ್ದು ಇದ್ದಹಾಗೆ ಹೇಳ್ತೀರಾ?"

"ಹೇಳ್ತೀನಿ ಬಿಡು."

"ಹೋದ ಸಲವೂ ಹೀಗೇ ಅಂದ್ರಿ. ಹೋಗಿ ಬೆನ್ನುನೋವು ಅಂತ ಬರೆಸಿ ಬಂದ್ರಿ."

ಅವನು ಚಪ್ಪಲಿ ಹುಡುಕುವ ನೆಪದಲ್ಲಿ ಬಗ್ಗಿದ. ಅವಳು ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಮಕ್ಕಳ ಶಾಲೆಯ ಸಮವಸ್ತ್ರವನ್ನು ಸೂಜಿಯ ಕೆಳಗೆ ದೂಡಿದಳು. ಹಿತ್ತಿಲಲ್ಲಿ ಹಿಂದಿನ ದಿನ ಒಗೆದ ಬಟ್ಟೆಯ ಪಟ್ಟಿಗಳು ಸಾಲಾಗಿ ಒಣಗುತ್ತಿದ್ದವು. ಮನೆಯಲ್ಲಿ ಎಳೆಮಗುವಿದೆಯೆಂದು ಹೊಸಬರು ತಿಳಿದುಕೊಳ್ಳಬೇಕು, ಹಾಗೆ.

ಸೈನ್ಯದಲ್ಲಿ ಅವನು ಓಡಿಸುತ್ತಿದ್ದದ್ದು ನೀರಿನ ಟ್ಯಾಂಕರ್. ಗಡಿಯ ಬೆಟ್ಟದ ಮೇಲಿನ ಕಾವಲು ಠಾಣೆಗಳಿಗೆಲ್ಲ ಅವನೇ ನೀರು ಮುಟ್ಟಿಸಬೇಕು. ಒಂದು ದಿನ ರಸ್ತೆಯ ಅಂಚು ಕುಸಿದು ಟ್ಯಾಂಕರ್ ಉರುಳಿತು. ಬೆನ್ನಿನ ಬುಡದ ನರ ಜಜ್ಜಿಹೋಯಿತು. ಕಾಲುಗಳು ಹೇಗೋ ಉಳಿದವು. ಮೂತ್ರದ ಹಿಡಿತ ಹೋಯಿತು.

ಬಿಡುಗಡೆಯ ಹೊತ್ತಿಗೆ ವೈದ್ಯರ ಮುಂದೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ್ದರು. ಆ ಸಾಲಿಗೊಂದು ರೂಢಿಯಿತ್ತು. "ಏನಾದರೂ ತೊಂದರೆ?" ಎಂದು ಕೇಳಿದರೆ ಎದೆ ಸೆಟೆಸಿ "ಇಲ್ಲ ಸರ್" ಎಂದು ಕೂಗಬೇಕು. ಒಬ್ಬ 'ಇದೆ' ಎಂದರೆ ಇಡೀ ಸಾಲಿನ ಬಿಡುಗಡೆ ನಿಲ್ಲುತ್ತದೆ, ಊರಿಗೆ ಹೊರಟವರೆಲ್ಲ ಕಟ್ಟಿದ ಪೆಟ್ಟಿಗೆ ಮತ್ತೆ ಬಿಚ್ಚಬೇಕಾಗುತ್ತದೆ. ಅವನ ಸರದಿ ಬಂತು. ಅವನೂ ಕೂಗಿದ. ಕೂಗುತ್ತಿರುವಾಗಲೇ ತೊಡೆಯ ಮೇಲೆ ಬೆಚ್ಚಗೆ ಇಳಿಯುತ್ತಿತ್ತು.

ಆದ್ದರಿಂದ ಅವನ ಪಡೆ ಕಳಿಸಿದ ಕಾಗದದಲ್ಲಿ ಅವನು ಗಟ್ಟಿಮುಟ್ಟು. ನಿಜ ಇದ್ದದ್ದು ಸೈನ್ಯದ ಆಸ್ಪತ್ರೆಯ ಕಡತದಲ್ಲಿ. ಅದು ಬಂದರೆ ಅಂಗವೈಕಲ್ಯದ ಪಿಂಚಣಿ. ಬರದಿದ್ದರೆ ಹೆಂಡತಿಯ ಯಂತ್ರ ಮತ್ತು ಹಿತ್ತಿಲಲ್ಲಿ ಬಟ್ಟೆ ಒಣಗುವ ಹಗ್ಗ, ಇರುವಷ್ಟು ದಿನ.

ಆ ಆಸ್ಪತ್ರೆಯ ಕಡತಗಳು ಇದ್ದದ್ದು ಪಿಂಚಣಿ ಕಚೇರಿಯ ಕಟ್ಟಡದಲ್ಲೇ. ಕೆಳಗೆ ಪಿಂಚಣಿಯವರು, ಮಹಡಿಯ ಮೇಲೆ ಆಸ್ಪತ್ರೆಯ ದಾಖಲೆಯವರು. ನಡುವೆ ಒಂದು ಮೆಟ್ಟಿಲಸಾಲು. ಆದರೆ ಇಲಾಖೆ ಬೇರೆ ಬೇರೆ. ಕೆಳಗಿನವರು ಕೇಳಿದ ಪತ್ರ ರಾಜಧಾನಿಗೆ ಹೋಗಿ, ಅಲ್ಲಿ ಮೇಜಿನಿಂದ ಮೇಜಿಗೆ ದಾಟಿ, ತಿರುಗಿ ಇದೇ ಕಟ್ಟಡದ ಮಹಡಿಗೆ ಬರಬೇಕು. ಉತ್ತರವೂ ಅದೇ ದಾರಿ ಹಿಡಿದು ಕೆಳಗಿಳಿಯಬೇಕು.

"ನಮ್ಮ ಕಾಗದ ನೋಡಿದಷ್ಟು ಊರು ನಾನು ಸರ್ವೀಸಿನಲ್ಲೂ ನೋಡಿಲ್ಲ ಕಣಯ್ಯಾ," ಎನ್ನುತ್ತಿದ್ದ ಮೀಸೆ ಮಾವ. ನೆಲಬಾಂಬಿಗೆ ಒಂದು ಕಾಲು ಕೊಟ್ಟ ಮುದುಕ. ಕಚೇರಿಯ ಬೆಂಚಿನ ಗೋಡೆ ಬದಿಯ ಜಾಗ ಅವನದೇ ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ಆವತ್ತೂ ಡ್ರೈವರನನ್ನು ಕಂಡು ಸ್ವಲ್ಪ ಸರಿದು ಜಾಗ ಮಾಡಿದ. "ಬಾ ತಮ್ಮಾ. ಹೋಗು ಮೊದಲು, ಕರೀತಾ ಇದಾರೆ ನಿನ್ನ."

ಕಿಟಕಿಯ ಹಿಂದಿನ ಗುಮಾಸ್ತ ಕೆಟ್ಟವನಲ್ಲ. ದಣಿದವನು. ಕನ್ನಡಕ ಹಣೆಗೇರಿಸಿ ಒಂದು ಹಾಳೆ ಎತ್ತಿದ.

"ಮೇಲಿನಿಂದ ಉತ್ತರ ಬಂದಿದೆ ರೀ."

"ಏನಂತೆ ಸರ್?"

"ಈ ಹೆಸರಲ್ಲಿ ಬೆನ್ನುನೋವಿನ ದಾಖಲೆ ಇಲ್ಲವಂತೆ."

"ತಿಂಗಳುಗಟ್ಟಲೆ ಅಲ್ಲೇ ಮಲಗಿದ್ದೆ ಸರ್."

"ಮಲಗಿರಬಹುದು. ಯಾವ ವಾರ್ಡಲ್ಲಿ? ಯಾವ ಕಾಯಿಲೆಗೆ? ಸರಿಯಾಗಿ ಹೇಳಿದ್ರೆ ತಾನೇ ಅವರು ಹುಡುಕೋದು."

ಸಾಲಿನಲ್ಲಿ ಅವನ ಬೆನ್ನಿಗೇ ಒಬ್ಬ ಹೆಂಗಸು ನಿಂತಿದ್ದಳು. ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವಳು. ಪಕ್ಕದಲ್ಲಿ ಕಾಲೇಜಿಗೆ ಹೋಗುವ ಮಗಳು. ಡ್ರೈವರ್ ಬಾಯಿ ತೆರೆದ. ಹುಡುಗಿಯ ಕಡೆ ಕಣ್ಣು ಹೋಯಿತು.

"ಬೆನ್ನು ಸರ್…"

"ಬೆನ್ನು ಇಲ್ಲ ಅಂತ ಬರೆದಿದ್ದಾರಲ್ಲಪ್ಪ. ಇನ್ನೊಂದ್ಸಲ ಹೀಗೇ ಉತ್ತರ ಬಂದ್ರೆ ಅರ್ಜಿ ಮುಚ್ಚಿಬಿಡ್ತಾರೆ. ಆಮೇಲೆ ನಾನು ಜವಾಬ್ದಾರನಲ್ಲ." ಗುಮಾಸ್ತ ದನಿ ತಗ್ಗಿಸಿದ. "ಹೋಗಿ ಕೂತ್ಕೊಳ್ಳಿ. ಯೋಚನೆ ಮಾಡಿ ಹೇಳಿ."

ಅವನು ಬಂದು ಕೂತ. ಮೀಸೆ ಮಾವ ತನ್ನ ಊರುಗೋಲನ್ನು ಆಚೆ ಬದಿಗಿಟ್ಟು ಅವನ ಕಾಲಿಗೆ ಜಾಗ ಮಾಡಿಕೊಟ್ಟ.

ಹಜಾರದ ಕೊನೆಯಲ್ಲಿ ಶೌಚಾಲಯದ ಬಾಗಿಲು. ಅದರ ಮೇಲೆ 'ಸಿಬ್ಬಂದಿಗೆ ಮಾತ್ರ' ಎಂಬ ಹಲಗೆ, ಕೆಳಗೆ ಹಿತ್ತಾಳೆಯ ಬೀಗ. ಬೀಗದ ಕೈ ಗುಡಿಸುವ ಹೆಂಗಸಿನ ಸೊಂಟದಲ್ಲಿರುತ್ತಿತ್ತು. ಹೊರಗಿನವರಿಗೆ ತೆರೆಯಕೂಡದೆಂದು ಮೇಲಧಿಕಾರಿಯ ಕಟ್ಟಪ್ಪಣೆ. ಡ್ರೈವರ್ ಆ ಬಾಗಿಲ ಕಡೆ ನೋಡದೆ ಕೂತ. ನೀರು ಕುಡಿದಿಲ್ಲವಲ್ಲ ಎಂಬ ಧೈರ್ಯ.

ಆದರೆ ಸತ್ತ ನರಕ್ಕೆ ಆ ಲೆಕ್ಕ ಗೊತ್ತಿಲ್ಲ. ಹೆಂಡತಿ ಹೊಲಿದ ಪಟ್ಟಿ ತಾಳುವಷ್ಟು ತಾಳಿತು. ಆಮೇಲೆ ಬೆಂಚಿನ ಅಂಚಿನಿಂದ ತೊಟ್ಟು ತೊಟ್ಟಾಗಿ ಇಳಿಯಿತು. ಅವನು ಮೊಣಕಾಲು ಜೋಡಿಸಿ, ಚೀಲವನ್ನು ತೊಡೆಯ ಮೇಲೆ ಅದುಮಿಕೊಂಡ. ನೆಲದ ಕಲ್ಲುಗಳ ಸಂದಿನಲ್ಲಿ ಸಣ್ಣ ಗೆರೆಯೊಂದು ಹರಿಯತೊಡಗಿತು. ಯಾವ ಅವಸರವೂ ಇಲ್ಲದೆ ಅದು ಆ ಹುಡುಗಿಯ ಚಪ್ಪಲಿಯತ್ತ ಹೋಗುತ್ತಿತ್ತು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು ಅವನಿಗೆ.

ಗುಡಿಸುವ ಹೆಂಗಸು ಆಚೆ ತುದಿಯಲ್ಲಿ ನೆಲ ಒರೆಸುತ್ತಿದ್ದಳು. ಅವಳ ಕಣ್ಣು ಆ ಗೆರೆಯ ಮೇಲೆ ಬಿತ್ತು. ಗೆರೆ ಎಲ್ಲಿಂದ ಹೊರಟಿದೆಯೆಂದೂ ನೋಡಿದಳು. ಅವನ ಮುಖ ಮಾತ್ರ ನೋಡಲಿಲ್ಲ. ಬಕೆಟ್ಟು ಎತ್ತಿಕೊಂಡು, ಒರೆಸುತ್ತ ಒರೆಸುತ್ತ ಬೆಂಚಿನ ಹತ್ತಿರ ಬಂದಳು. ಬಕೆಟ್ಟು ಮಗುಚಿತು.

"ಅಯ್ಯೋ, ಕೈ ಜಾರ್ತು! ಎಲ್ರೂ ಕಾಲೆತ್ತಿ, ಕಾಲೆತ್ತಿ."

ಹುಡುಗಿ ನಗುತ್ತ ಹಿಂದೆ ಹಾರಿದಳು. ಬೆಂಚಿನವರೆಲ್ಲ ಕಾಲೆತ್ತಿದರು. "ನಂದು ಒಂದೇ ಎತ್ತಿದ್ರೆ ಸಾಕಲ್ವೇನಮ್ಮಾ?" ಎಂದ ಮೀಸೆ ಮಾವ.

"ಅಣ್ಣಾ, ನಿಮ್ಮ ಪ್ಯಾಂಟೆಲ್ಲ ನೆನೆಸಿಬಿಟ್ಟೆ. ಬೇಜಾರು ಮಾಡ್ಕೋಬೇಡಿ," ಎಂದಳು ಅವಳು, ಹಜಾರಕ್ಕೆಲ್ಲ ಕೇಳುವಂತೆ. ಆಗಲೂ ಅವನ ಮುಖ ನೋಡಲಿಲ್ಲ.

ಸದ್ಯ, ಯಾರಿಗೂ ಗೊತ್ತಾಗಲಿಲ್ಲ. ಅವನ ಮನಸ್ಸಿಗೆ ಮೊದಲು ಬಂದದ್ದು ಇದೇ.

ಸದ್ದು ಕೇಳಿ ಮೇಲಧಿಕಾರಿ ಕೋಣೆಯಿಂದ ಹೊರಬಂದ. ಕಪಾಟು ಸಾಲದೆ ಗೋಡೆಯುದ್ದಕ್ಕೂ ನೆಲದ ಮೇಲೆ ಪೇರಿಸಿದ್ದ ಕಡತದ ಕಟ್ಟುಗಳ ಬುಡಕ್ಕೆ ನೀರು ಹೋಗಿತ್ತು.

"ಕಣ್ಣೆಲ್ಲಿಟ್ಟಿದ್ದೆ? ಸರ್ಕಾರದ ಕಾಗದ ಇದು, ನಿನ್ನ ಮನೆ ಕಸ ಅಂದ್ಕೊಂಡ್ಯಾ?"

"ಕೈ ಜಾರ್ತು ಸಾಹೇಬ್ರೆ."

"ಜಾರೋ ಕೈ ಇಲ್ಲಿ ಬೇಡ. ನಾಳೆಯಿಂದ ಬರಬೇಡ. ಗುತ್ತಿಗೆದಾರನಿಗೆ ಫೋನ್ ಮಾಡ್ತೀನಿ."

ಅವಳು ತಲೆತಗ್ಗಿಸಿ ಬಟ್ಟೆ ಹಿಂಡತೊಡಗಿದಳು. ಹಿಂಡಿದ ಬಟ್ಟೆಯನ್ನೇ ಮತ್ತೆ ಹಿಂಡಿದಳು.

ಡ್ರೈವರ್ ಅವಳ ಕೈಗಳನ್ನು ನೋಡಿದ. ಇಷ್ಟು ವರ್ಷ ತನ್ನ ನಾಚಿಕೆಯನ್ನು ತಾನೇ ಹೊತ್ತಿದ್ದ. ಬಹಳವೆಂದರೆ ಹೆಂಡತಿ ಹೊತ್ತಿದ್ದಳು. ಈಗ ಅದನ್ನು ಹೆಸರೂ ಗೊತ್ತಿಲ್ಲದ ಹೆಂಗಸಿನ ತಲೆಗೆ ಹೊರಿಸಿ ತಾನು ಸುಮ್ಮನೆ ಕೂತಿದ್ದಾನೆ. ಸದ್ಯ ಎಂದು ಉಸಿರೂ ಬಿಟ್ಟಿದ್ದಾನೆ. ತೊಡೆ ಒದ್ದೆಯಾದಾಗ ಆಗದಿದ್ದ ಹೇಸಿಗೆ ತನ್ನ ಮೇಲೆ ಆಗ ಆಯಿತು.

ಬೆಂಚು ಹಿಡಿದು ಎದ್ದ.

"ಸರ್, ಆಕೆದೇನೂ ತಪ್ಪಿಲ್ಲ. ಆ ನೀರಿನ ಅಡಿ ನಂದಿದೆ."

"ಏನ್ರೀ ನಿಮ್ಮದು?"

"ಮೂತ್ರ ಸರ್."

ಗುಡಿಸುವ ಹೆಂಗಸು "ಸುಮ್ನಿರಿ ಅಣ್ಣಾ," ಎಂದಳು, ಮೆಲ್ಲಗೆ. ಅವನು ಸುಮ್ಮನಾಗಲಿಲ್ಲ. ಬಿಡುಗಡೆಯ ಸಾಲಿನಲ್ಲಿ ಕೂಗಿದ್ದ ಅದೇ ದನಿ ಎಲ್ಲಿಂದಲೋ ಎದ್ದು ಬಂತು.

"ನನಗೆ ಹಿಡಿತ ಇಲ್ಲ. ಟ್ಯಾಂಕರ್ ಉರುಳಿದಾಗಿನಿಂದ ಇಲ್ಲ. ಮಾನ ಹೋಗುತ್ತೆ ಅಂತ ಬೆನ್ನುನೋವು ಅಂತ ಬರೆಸಿದೆ. ನನ್ನ ಮಾನ ಉಳಿಸೋಕೆ ಹೋಗಿ ಈ ಅಕ್ಕ ಕೆಲಸ ಕಳ್ಕೊಳ್ತಾ ಇದಾಳೆ."

ಹುಡುಗಿ ತನ್ನ ಚಪ್ಪಲಿಯ ಕಡೆ ನೋಡಿದಳು. ಆಮೇಲೆ, ಕಾಲು ಹಿಂದೆ ತೆಗೆಯದೆ, ಜಾರುತ್ತಿದ್ದ ಅವನ ಚೀಲವನ್ನು ಹಿಡಿದುಕೊಂಡಳು.

ಕಿಟಕಿಯ ಹಿಂದೆ ಗುಮಾಸ್ತ ಕನ್ನಡಕ ಇಳಿಸಿ ಲೇಖನಿ ತೆಗೆದ. "ಮೂತ್ರಕೋಶದ ವಾರ್ಡಲ್ವಾ? ಮೊದಲೇ ಹೇಳಿದ್ರೆ…" ಎಂದವನು ಮಾತು ಅಲ್ಲಿಗೇ ಬಿಟ್ಟ. ಬರೆಯತೊಡಗಿದ.

ಮೇಲಧಿಕಾರಿ ಗಂಟಲು ಸರಿಮಾಡಿಕೊಂಡ. "ಆಯ್ತು, ಹೊಸ ಪತ್ರ ಹಾಕಿ. ರಾಜಧಾನಿಗೆ ಕಳಿಸಿ."

"ಕಡತ ಇಲ್ಲೇ ಮೇಲಿದೆಯಲ್ಲ ಸರ್. ಆ ಮೆಟ್ಟಿಲು ಹತ್ತಿದ್ರೆ ಸಿಗುತ್ತೆ."

"ಅದು ಬೇರೆ ಇಲಾಖೆ ರೀ."

"ನನ್ನ ಮೈ ಒಂದೇ ಸರ್. ಬೆನ್ನು ಒಂದು ಇಲಾಖೆಗೆ, ಕೆಳಗಿಂದು ಇನ್ನೊಂದು ಇಲಾಖೆಗೆ ಅಂತ ಪಾಲು ಮಾಡಿಕೊಟ್ಟು ಬಂದಿಲ್ಲ ನಾನು."

"ನನ್ನ ಕಾಲು ಯಾವ ಇಲಾಖೆಯಲ್ಲಿದೆ ಅಂತಾನೂ ಕೇಳಿಬಿಡು," ಎನ್ನುತ್ತ ಮೀಸೆ ಮಾವ ಊರುಗೋಲು ಊರಿ ಎದ್ದ. "ನಡಿ ತಮ್ಮಾ. ಕಾಗದಕ್ಕೆ ಕಾಲಿಲ್ಲ, ನಮಗೆ ಮೂರು ಇದಾವೆ."

"ನಮ್ಮನೆಯವರದೂ ಮೇಲೇ ಇದೆ ಅಂತಾರೆ," ಎಂದಳು ಮಗಳ ಜೊತೆ ಬಂದಿದ್ದ ಹೆಂಗಸು, ಯಾರಿಗೂ ಹೇಳದವಳಂತೆ. ಸಾಲು ಬಿಟ್ಟು ಹೊರಟಳು. ಅವಳ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ. ಹಜಾರ ಖಾಲಿಯಾಗುತ್ತ ಬಂತು.

ಮೆಟ್ಟಿಲ ತುದಿಯಲ್ಲಿ ಕಬ್ಬಿಣದ ಜಾಲರಿ ಬಾಗಿಲು. ಒಳಗಿನ ಕಾವಲುಗಾರ ಚಿಲಕ ಹಾಕಿಕೊಂಡ. "ಹೊರಗಿನವರಿಗೆ ಪ್ರವೇಶ ಇಲ್ಲ. ಇಳೀರಿ." ಜಾಲರಿಯ ಹಿಂದೆ ಕಪಾಟುಗಳ ಸಾಲು ಕಾಣುತ್ತಿತ್ತು. ಕೈ ಚಾಚಿದರೆ ಸಿಗುವಷ್ಟು ಹತ್ತಿರ.

"ಇಳಿಯೋಕೆ ಬೆನ್ನು ನೋಯುತ್ತೆ," ಎಂದ ಡ್ರೈವರ್. ಮೆಟ್ಟಿಲ ಮೇಲೆ ಕೂತ. ಎಲ್ಲರೂ ಕೂತರು. ಊಟದ ಡಬ್ಬಿ ಹಿಡಿದು ಕೆಳಗಿಳಿಯಲು ಬಂದ ಒಳಗಿನ ನೌಕರರು ಜಾಲರಿಯ ಆಚೆ ನಿಂತುಬಿಟ್ಟರು.

"ಎಷ್ಟು ಹೊತ್ತು ಕೂತಿರ್ತೀರಿ?" ಕಾವಲುಗಾರ ಕೇಳಿದ.

"ರಾಜಧಾನಿಯಿಂದ ಟಪಾಲು ಬರೋವರೆಗೂ," ಎಂದ ಮೀಸೆ ಮಾವ.

ಕೆಳಗಿನಿಂದ ಗುಡಿಸುವ ಹೆಂಗಸು ಹತ್ತಿ ಬಂದಳು. ಒಂದು ಕೈಯಲ್ಲಿ ನೀರಿನ ಬಾಟಲಿ, ಇನ್ನೊಂದರಲ್ಲಿ ಹಿತ್ತಾಳೆಯ ಬೀಗ.

"ಹೇಗೂ ನಾಳೆಯಿಂದ ಬರಬೇಡ ಅಂದಿದಾರೆ. ಕೆಳಗೆ ಶೌಚಾಲಯದ ಬಾಗಿಲು ತೆಗೆದಿಟ್ಟಿದೀನಿ. ಯಾರು ಬೇಕಾದ್ರೂ ಹೋಗ್ಬನ್ನಿ." ಬಾಟಲಿಯನ್ನು ಡ್ರೈವರನ ಮುಂದೆ ಹಿಡಿದಳು. ಈಗ ಅವನ ಮುಖ ನೋಡಿದಳು. "ತುಟಿ ಒಡೆದಿದೆ ಅಣ್ಣಾ. ಕುಡೀರಿ."

ಪ್ಯಾಂಟು ಇನ್ನೂ ಒದ್ದೆಯಾಗಿತ್ತು. ಎಲ್ಲರೂ ನೋಡುತ್ತಿದ್ದರು. ಜಾಲರಿಯ ಆಚೆಯವರೂ ನೋಡುತ್ತಿದ್ದರು. ಅವನು ಬಾಟಲಿ ಎತ್ತಿ ಕುಡಿದ. ನಿಲ್ಲಿಸದೆ, ಗಟಗಟನೆ, ತಳ ಕಾಣುವವರೆಗೆ ಕುಡಿದ.

"ಇನ್ನೂ ಸ್ವಲ್ಪ ಸಿಗುತ್ತಾ ಅಕ್ಕಾ?" ಎಂದ.