ಏಳಡಿ ನೀರಿನಲ್ಲಿ ಮೂರು ಬಾಯಿ

೧

ಎಲ್ಲಿಂದ ಶುರು ಮಾಡಲಿ? "ಮೀನು ಮೀನನ್ನು ನುಂಗುವಾಗ ಮನೆಯಲ್ಲೊಂದು ಸದ್ದು ಹುಟ್ಟುತ್ತದೆ" ಎಂದು ಬರೆದು ಅಕ್ಕನಿಗೆ ಓದಿ ಹೇಳಿದೆ. ಮೋಟರಿನ ಸದ್ದು ಬಿಟ್ಟರೆ ಯಾವ ಸದ್ದೂ ಬರುವುದಿಲ್ಲ ಎಂದಳು. ವಾಕ್ಯ ಹೋಯಿತು. (ಒಳ್ಳೆಯ ವಾಕ್ಯ. ನನಗಂತೂ ಹಾಗನ್ನಿಸಿತ್ತು.)

ಸರಿ, ಅಕ್ಕನಿಂದಲೇ ಶುರು ಮಾಡುತ್ತೇನೆ. ಅವಳು ಒಂದು ಲ್ಯಾಬಿನಲ್ಲಿ ಕಟ್ಟುಹಲ್ಲು ತಯಾರಿಸುತ್ತಾಳೆ. ದಿನವಿಡೀ ಯಾರ್‍ಯಾರದೋ ದವಡೆಯ ಅಚ್ಚುಗಳ ನಡುವೆ ಕೂತು ಮನೆಗೆ ಬಂದರೆ ಅಲ್ಲೂ ದವಡೆಗಳೇ. ಹಾಲ್‌ನಲ್ಲಿ ಸೋಫಾ ಇರಬೇಕಾದ ಜಾಗದಲ್ಲಿ ಏಳಡಿಯ ಅಕ್ವೇರಿಯಂ, ಅದರಲ್ಲಿ ಎರಡು ಬೇಟೆಗಾರ ಮೀನು. ನೀರಿನ ಮೇಲ್ಭಾಗದಲ್ಲಿ ಓಡಾಡುವ ಅರೋವಾನಾದ ಹೆಸರು ಬೆಳ್ಳಿ. ಕೆಳಗೆ ಎಡಮೂಲೆಯ ಮರದ ಕೊರಡಿನ ಪಕ್ಕದಲ್ಲಿ ಅಡಿಯುದ್ದದ ದಪ್ಪ ಆಸ್ಕರ್ ಮೀನು. ಬಂದವರನ್ನೆಲ್ಲ ಗುರಾಯಿಸುವುದರಿಂದ ಅದು ಮೇಷ್ಟ್ರು.

೨

ಅಕ್ಕ ಹಲ್ಲು ಕಳಿಸುತ್ತಿದ್ದ ಡಾಕ್ಟರೊಬ್ಬರು ಕ್ಲಿನಿಕ್ ಬದಲಾಯಿಸುತ್ತಿದ್ದರು. ರೋಗಿಗಳು ಕಾಯುವ ಕೋಣೆಯಲ್ಲಿ ಅವರದೊಂದು ಪೀಕಾಕ್ ಬಾಸ್ ಮೀನಿತ್ತು. ಅದೂ ಬೇಟೆಗಾರನೇ, ಗಾತ್ರದಲ್ಲಿ ಮೇಷ್ಟ್ರಿಗೆ ಸರಿಸಮ, ಬಾಲದ ಮೇಲೆ ನವಿಲುಗರಿಯ ಕಣ್ಣು. ಹೊಸ ಜಾಗದಲ್ಲಿ ತೊಟ್ಟಿಗೆ ಸ್ಥಳವಿಲ್ಲ, ಕೆರೆಗೆ ಬಿಟ್ಟುಬಿಡುತ್ತೇನೆ ಎಂದರಂತೆ ಡಾಕ್ಟರು. ಕೆರೆಯ ಮರಿಮೀನುಗಳನ್ನೆಲ್ಲ ಅದು ತಿಂದು ಮುಗಿಸುತ್ತದೆ ಎಂದು ಅಕ್ಕ ಗಾಬರಿಯಾಗಿ, ಮುಚ್ಚಳದ ಬಕೆಟ್ಟಿನಲ್ಲಿ ಅದನ್ನು ಮನೆಗೆ ತಂದಳು. ಹೆಸರು ನವಿಲ.

ಅಕ್ವೇರಿಯಂ ಅಂಗಡಿಯವನಿಗೆ ಫೋನ್ ಮಾಡಿದಳು. ಇಪ್ಪತ್ತು ವರ್ಷದ ಅನುಭವಸ್ಥ. ಬೆಳೆದ ಆಸ್ಕರ್ ಇರುವ ತೊಟ್ಟಿಗೆ ಬೆಳೆದ ಬಾಸ್ ಬಿಡುವುದು ಆಗುವ ಮಾತಲ್ಲ ಎಂದ. ಆದರೂ ಅಕ್ಕ ನೀರಿಗೆ ಬಿಟ್ಟಳು. ಹತ್ತೇ ನಿಮಿಷ. ನವಿಲನ ಬೆನ್ನಿನ ರೆಕ್ಕೆ ಹರಿದು ಚಿಂದಿಯಾಯಿತು.

೩

(ಇಲ್ಲಿ ನಾನೊಂದು ತಪ್ಪು ಮಾಡಿದೆ. ಗಂಭೀರ ಸಾಹಿತ್ಯಕ್ಕೆ ಸಾವು ಬೇಕೆಂದು ನಂಬಿ, ಎರಡನೇ ಡ್ರಾಫ್ಟಿನಲ್ಲಿ ನವಿಲನನ್ನು ಸಾಯಿಸಿದೆ. ಓದಿದ ಅಕ್ಕ ಫೋನ್ ಮಾಡಿದಳು.

"ಯಾರನ್ನ ಕೇಳಿ ಸಾಯಿಸ್ದೆ?"

ಕಥೆಗೆ ತೂಕ ಬರಲಿ ಅಂತ, ಎಂದೆ.

"ಅದು ಆರೋಗ್ಯವಾಗೇ ಇದೆ. ತೂಕ ಬೇಕಿದ್ರೆ ಬಂದು ಎತ್ತಿ ನೋಡು."

ಮೂರನೆಯದರಲ್ಲಿ ಆ ತೊಟ್ಟಿಯನ್ನು ಅವಳ ದಾಂಪತ್ಯದ ರೂಪಕ ಮಾಡಿದ್ದೆ. ಆ ವಿಷಯ ಬೇಡ.)

೪

ನಿಜವಾಗಿ ಆದದ್ದು ಇಷ್ಟು. ನವಿಲನನ್ನು ಬಚ್ಚಲುಮನೆಯ ದೊಡ್ಡ ಟಬ್ಬಿಗೆ ಹಾಕಿ, ಉಪ್ಪು ಬೆರೆಸಿ, ಗಾಳಿ ಪಂಪು ಇಟ್ಟಳು. ದಿನಾ ನೀರು ಬದಲಾಯಿಸಿದಳು. ಸ್ಕೂಲ್ ವ್ಯಾನ್ ಓಡಿಸುವ ಭಾವ ಮೂರು ವಾರ ಅಡುಗೆಮನೆಯ ಸಿಂಕಿನಲ್ಲಿ ಮುಖ ತೊಳೆದು, ಪಕ್ಕದ ಮನೆಯಲ್ಲಿ ಸ್ನಾನ ಮಾಡಿ ಬಂದು, ಕೊನೆಗೊಂದು ದಿನ ಹೇಳಿಯೇಬಿಟ್ಟರು.

"ಭಾನುವಾರದೊಳಗೆ ಬಚ್ಚಲು ನಂಗೆ ವಾಪಸ್ ಬೇಕು. ಇಲ್ಲಾಂದ್ರೆ ಅದು ಎಲ್ಲಿಂದ ಬಂತೋ ಅಲ್ಲಿಗೆ."

ಅಷ್ಟರಲ್ಲಿ ರೆಕ್ಕೆ ಕೂಡಿಕೊಂಡಿತ್ತು. ಅಕ್ಕ ಲ್ಯಾಬಿನ ಡ್ರಿಲ್ಲಿನಿಂದ ಅಕ್ರಿಲಿಕ್ ಹಾಳೆಗೆ ನೂರಾರು ತೂತು ಕೊರೆದು ತೊಟ್ಟಿಗೆ ಅಡ್ಡಗೋಡೆ ಮಾಡಿದಳು. ಆಚೆ ನವಿಲ, ಈಚೆ ಮೇಷ್ಟ್ರು. ಮತ್ತೆ ಬೇಕಾದೀತೆಂದು ಟಬ್ಬನ್ನು ಮಾತ್ರ ಬಚ್ಚಲಿನಲ್ಲೇ ಬಿಟ್ಟಳು. ಬೆಳ್ಳಿ ಎಂದಿನಂತೆ ಮೇಲೆ, ಯಾರ ಗೊಡವೆಯೂ ಇಲ್ಲದೆ. ನಾಲ್ಕು ಸಂಜೆ ಅಕ್ಕ ಅಲ್ಲೇ ಕೂತು ನೋಡಿದಳು. ಮೇಷ್ಟ್ರು ಹಾಳೆಗೆ ಗುದ್ದುತ್ತಿತ್ತು. ಆದರೆ ಪ್ರತಿ ಸಲವೂ ಕೊರಡಿನಿಂದಲೇ ಹೊರಟು, ಗುದ್ದಿ, ಮತ್ತೆ ಕೊರಡಿಗೇ ಹೋಗುತ್ತಿತ್ತು.

"ಅದಕ್ಕೆ ನವಿಲನ ಮೇಲೆ ಸಿಟ್ಟಿಲ್ಲ ಕಣೋ," ಎಂದಳು ನನಗೆ. "ಮೂಲೆ ಕಾಯ್ತಿದೆ. ಮೂಲೇನೇ ಇಲ್ದಿದ್ರೆ?"

೫

ಭಾನುವಾರ ಬೆಳಿಗ್ಗೆ ಮೂರನ್ನೂ ಮೂರು ಟಬ್ಬಿಗೆ ತೆಗೆದೆವು. ಬೆಳ್ಳಿ ಒಮ್ಮೆ ಹಾರಿ ಭಾವನ ಎದೆಗೆ ಬಡಿಯಿತು. ಅವರು ಎರಡೂ ಕೈಯಲ್ಲಿ ಅವುಚಿಕೊಂಡು ಟಬ್ಬಿಗೆ ಬಿಟ್ಟರು. ಅಕ್ಕ ಕೊರಡನ್ನು ಎತ್ತಿ ಹಿತ್ತಲಿಗೆ ಹಾಕಿ, ಕಲ್ಲುಗಳ ಜಾಗವನ್ನೆಲ್ಲ ಬದಲಿಸಿ, ಅಡ್ಡಗೋಡೆಯನ್ನೂ ತೆಗೆದಳು. ಮತ್ತೆ ನೀರಿಗೆ ಮೊದಲು ನವಿಲ. ಆಮೇಲೆ ಬೆಳ್ಳಿ. ಎಲ್ಲರಿಗಿಂತ ಕೊನೆಗೆ ಮೇಷ್ಟ್ರು.

ಮೇಷ್ಟ್ರು ಎಡಮೂಲೆಗೆ ಹೋಗಿ ನಿಂತಿತು. ಅಲ್ಲಿ ಏನೂ ಇಲ್ಲ. ಬಲಕ್ಕೆ ಬಂತು. ಎದುರಿಗೆ ನವಿಲ. ಎರಡೂ ಕಿವಿರು ಅರಳಿಸಿ ಬಾಯಿ ತೆರೆದವು. ಅಕ್ಕನ ಕೈ ಬಲೆಯ ಮೇಲಿತ್ತು, ಆದರೆ ಬಲೆ ನೀರಿಗಿಳಿಯಲಿಲ್ಲ. ಒಂದೇ ಗುದ್ದು. ನವಿಲ ಹಿಂದೆ ಸರಿಯಲಿಲ್ಲ. ಅಕ್ಕ ತಲೆಯಾಡಿಸಿದ್ದೇ ತಡ, ನಾವು ಮೂವರೂ ಮೂರು ಕಡೆಯಿಂದ ಸೀಗಡಿ ಹಾಕಿದೆವು. ಮೂರು ಬಾಯಿಯೂ ಒಟ್ಟಿಗೆ ತೆರೆದವು, ಒಂದೊಂದೂ ತನ್ನ ತನ್ನ ಪಾಲಿನ ಕಡೆಗೆ. ಹೊಟ್ಟೆ ತುಂಬಿದ ಮೇಲೆ ಮೇಷ್ಟ್ರು ಹೊಸ ಕಲ್ಲೊಂದನ್ನು ಮೂಸಿ ಅಲ್ಲಿಯೇ ನಿಂತಿತು. ನವಿಲ ಅದರ ಮುಂದೆಯೇ ಹಾದುಹೋಯಿತು. ಏನೂ ಆಗಲಿಲ್ಲ. ಸಂಜೆಯವರೆಗೂ ಏನೂ ಆಗಲಿಲ್ಲ. ಇಷ್ಟು ಸೊಗಸಾದ 'ಏನೂ ಇಲ್ಲ'ವನ್ನು ನಾನು ಯಾವ ಕಥೆಯಲ್ಲೂ ಬರೆದಿಲ್ಲ.

ಭಾವ ಬಚ್ಚಲಿಗೆ ಹೋಗಿ ಒಂದು ಗಂಟೆ ಸ್ನಾನ ಮಾಡಿದರು. ಒಳಗಿಂದ ಹಾಡು ಕೇಳಿಸಿತು.

೬

ಓದುಗರೇ, ಈಗ ಮುಕ್ತಾಯ ನೀವೇ ಆರಿಸಿ. ತಿಂಗಳ ನಂತರ ನವಿಲ ಸತ್ತಿತು ಎಂದು ಒಂದು. (ಸಾಯಲಿಲ್ಲ. ಇದಾಗಿ ಹನ್ನೊಂದು ತಿಂಗಳು.) ಅಂಗಡಿಯವನು ಬಂದು ಕ್ಷಮೆ ಕೇಳಿದ ಎಂದು ಇನ್ನೊಂದು. ಅವನು ಬಂದದ್ದು ನಿಜ. ಕ್ಷಮೆ ಕೇಳಲಿಲ್ಲ. ತೊಟ್ಟಿಯ ಮುಂದೆ ಅರ್ಧ ಗಂಟೆ ನೆಲದಲ್ಲೇ ಕೂತು ನೋಡಿ, "ಮೇಡಂ, ನಮ್ಮ ಅಂಗಡಿ ದೊಡ್ಡ ತೊಟ್ಟೀನೂ ಒಂದ್ಸಲ ನೋಡ್ತೀರಾ? ಅಲ್ಲಿ ದಿನಾ ಕಿತ್ತಾಟ" ಎಂದ. ಅಕ್ಕ ಆ ವಾರವಿಡೀ ಬೀಗುತ್ತಾ ಓಡಾಡಿದಳು.

ಇಲ್ಲಿಗೆ ನಿಲ್ಲಿಸೋಣವೆಂದು 'ಮುಗಿಯಿತು' ಎಂದು ಬರೆದು ತೋರಿಸಿದೆ.

"ಮುಗೀತು ಅಂತ ಯಾಕೆ ಬರೀತೀಯ? ಅವು ಇನ್ನೂ ಬೆಳೀತಾ ಇವೆ," ಎಂದಳು ಅಕ್ಕ.

ಅವಳ ಹಿಂದೆ ಭಾವ ಟೇಪು ಹಿಡಿದು ಎದುರುಗೋಡೆ ಅಳೆಯುತ್ತಿದ್ದರು. ಹತ್ತಡಿಯ ತೊಟ್ಟಿ ಆರಾಮಾಗಿ ಕೂರುತ್ತದಂತೆ. ಆ ಗೋಡೆಗೆ ಒರಗಿರುವುದು ನಾನು ಬರೆದ ಪುಸ್ತಕಗಳ ಕಪಾಟು. ಅಕ್ಕ ಅದರ ಒಂದು ತುದಿ ಹಿಡಿದಾಗಿದೆ, ಇನ್ನೊಂದು ತುದಿ ನನ್ನದಂತೆ, ಪೆನ್ನು ಕೆಳಗಿಟ್ಟು ಬಾ ಎನ್ನುತ್ತಿದ್ದಾಳೆ, ಹಾಗಾಗಿ ಸದ್ಯಕ್ಕೆ