ಪ್ಲಮ್ ವೈನ್ ಮತ್ತು ಟೈಲರಕ್ಕನ ಮೂಗು

ಟೈಲರಕ್ಕ ವೈನನ್ನು ಕಿವಿಯಿಂದ ನೋಡಿಕೊಳ್ಳುತ್ತಿದ್ದರು. ಹಿತ್ತಲಿನ ಪ್ಲಮ್ ಹಣ್ಣಿನ ರಸ ಭರಣಿ ಸೇರಿತೆಂದರೆ, ಬೆಳಿಗ್ಗೆ ಎದ್ದವರೇ ಕೊರಳಿಗೆ ಅಳತೆ ಟೇಪು ಇಳಿಬಿಟ್ಟುಕೊಂಡು, ಅಡುಗೆಮನೆಯ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು, ಗಾಜಿಗೆ ಕೆನ್ನೆ ಒತ್ತಿ ಉಸಿರು ಬಿಗಿಹಿಡಿಯುತ್ತಿದ್ದರು. ಒಳಗೆ ಗುಳುಗುಳು ಕೇಳಿಸಿದರೆ ಮುಖ ಅರಳುತ್ತಿತ್ತು. ಸದ್ದು ಕುಗ್ಗಿದ ದಿನ ಯಾರೊಂದಿಗೂ ಮಾತಿಲ್ಲ. ಹಿಂದೊಮ್ಮೆ ಬಂದ ಜ್ವರ ಬಿಟ್ಟು ಹೋಗುವಾಗ ಅವರ ಮೂಗಿನ ಶಕ್ತಿಯನ್ನೂ ಒಯ್ದುಬಿಟ್ಟಿತ್ತು. ನಾಲಿಗೆಗೆ ಸಿಹಿ, ಹುಳಿ, ಕಹಿ ತಿಳಿಯುತ್ತಿತ್ತು, ಅಷ್ಟೇ.

ಮೂಗು ಹೋದದ್ದಕ್ಕಿಂತ, ಆಮೇಲೆ ಮನೆಯವರೆಲ್ಲ ತೀರಾ ಒಳ್ಳೆಯವರಾಗಿಬಿಟ್ಟದ್ದು ಅವರಿಗೆ ಹೆಚ್ಚು ಸಂಕಟವಾಗಿತ್ತು. ಹಿಂದಿನ ವರ್ಷ ತಂಗಿ ಲೋಟಕ್ಕೆ ತುಟಿ ತಾಗಿಸಿ, "ಅಮೃತ ಕಣಕ್ಕಾ!" ಎಂದಿದ್ದಳು. ಸಂಜೆ ಪಾತ್ರೆ ತೊಳೆಯಲು ಹೋದರೆ ಸಿಂಕಿನ ತೂತಿನ ಸುತ್ತ ಕೆಂಪು ಕಲೆ. ಟೈಲರಕ್ಕ ಅದನ್ನು ಉಜ್ಜಿ ತೊಳೆದರು. ಒಂದು ಹೊಲಿಗೆ ಓರೆಯಾದರೆ ಇಡೀ ತೋಳನ್ನೇ ಬಿಚ್ಚಿ ಹೊಲಿಯುವ ಹೆಂಗಸು ಅವರು. ಎಲ್ಲಿ ಓರೆಯಾಗಿದೆಯೆಂದು ಯಾರೂ ಹೇಳದಿದ್ದರೆ ಬಿಚ್ಚುವುದಾದರೂ ಎಲ್ಲಿಂದ?

ಈ ವರ್ಷ ಹಣ್ಣನ್ನು ಒಂದೊಂದಾಗಿ ಒರೆಸಿದರು, ಬೀಜ ತೆಗೆದರು, ಸಕ್ಕರೆ, ಯೀಸ್ಟ್ ಬೆರೆಸಿದರು. ಸೋಸಲು ಹಳೆಯ ಬಟ್ಟೆ ಬೇಡವೆಂದು ತಮ್ಮ ಹೊಲಿಗೆ ಅಂಗಡಿಯ ಹೊಸ ಥಾನಿನಿಂದಲೇ ಬಿಳಿ ಹತ್ತಿ ಬಟ್ಟೆ ಕತ್ತರಿಸಿ ತಂದರು. ತಿಂಗಳುಗಳು ಕಳೆದು, ಸದ್ದು ಪೂರ್ತಿ ಅಡಗಿ, ವೈನು ತಿಳಿಯಾದಾಗ ತಂಗಿ ಲೋಟ ಹಿಡಿದು ಬಂದಳು.

"ನಿನಗಿಲ್ಲ. ನೀನು ಹೊಗಳ್ತೀಯ."

"ಹೊಗಳಿದ್ರೂ ತಪ್ಪಾ?"

"ತಪ್ಪು," ಎಂದವರೇ ಲೋಟ ತುಂಬಿಕೊಂಡು ನೇರ ನಡೆದದ್ದು ಪಕ್ಕದ ಗ್ಯಾರೇಜಿಗೆ. ಗೋಡೆಯಾಚೆ ಬಾಗಿದ ಕೊಂಬೆಯಿಂದ ಹಣ್ಣು ಉದುರಿ, ರಿಪೇರಿಗೆ ಬಂದ ಕಾರುಗಳ ಮೇಲೆ ಕಲೆಯಾಗುತ್ತದೆಂದು ಜಗಳವಾಡಿ, ಗ್ಯಾರೇಜಿನ ಮಾಲೀಕರು ಇವರೊಡನೆ ಮಾತು ಬಿಟ್ಟು ವರ್ಷಗಳೇ ಆಗಿದ್ದವು.

"ಏನಿದು? ವಿಷಾನಾ?"

"ಕುಡಿದು ನೀವೇ ಹೇಳಿ. ನನ್ನ ಮನಸ್ಸು ನೋಯುತ್ತೆ ಅಂತ ನೀವು ಅಂಜೋರಲ್ಲ. ಅದಕ್ಕೇ ಬಂದೆ."

ಅವರು ಗ್ರೀಸಿನ ಕೈ ಒರೆಸಿಕೊಂಡು, ಲೋಟ ಮೂಸಿ, ಕುಡಿದರು. ಟೈಲರಕ್ಕ ಅವರ ಗಂಟಲನ್ನೇ ದಿಟ್ಟಿಸುತ್ತಿದ್ದರು. ಗುಟುಕು ಇಳಿಯಿತು.

"ರುಚಿ ಇದೆ. ಇಲ್ಲ ಅನ್ನೋಕೆ ನನಗೂ ಆಸೆ, ಆದ್ರೆ ಇದೆ. ವಾಸನೆ ಮಾತ್ರ ಬಟ್ಟೆ ಅಂಗಡಿಗೆ ಹೊಕ್ಕ ಹಾಗಿದೆ ರೀ. ಗಂಜಿ ಹಾಕಿದ ಹೊಸ ಬಟ್ಟೆ ವಾಸನೆ."

ಟೈಲರಕ್ಕ ಹಣೆ ಚಚ್ಚಿಕೊಂಡು ಗಟ್ಟಿಯಾಗಿ ನಕ್ಕರು. "ತೊಳೀಲೇ ಇಲ್ಲ! ಥಾನಿನ ಬಟ್ಟೆ ತೊಳೀದೇ ಸೋಸಿಬಿಟ್ಟೆ!"

"ಅದಿರಲಿ, ಕೊಂಬೆ ಕಡಿಸ್ತೀರೋ ಇಲ್ವೋ?"

"ಆ ಜಗಳ ನಾಳೆಗಿರಲಿ," ಎನ್ನುತ್ತ ಟೈಲರಕ್ಕ ಆಗಲೇ ಗೇಟು ದಾಟಿದ್ದರು.

ಮನೆಗೆ ಬಂದವರೇ ಒಲೆಯ ಮೇಲೆ ದೊಡ್ಡ ಪಾತ್ರೆಯಿಟ್ಟು ಹೊಸ ಬಟ್ಟೆ ಕುದಿಯಲು ಹಾಕಿದರು. "ಮರದಲ್ಲಿ ಒಂದೆಲೆ ಇಲ್ಲ, ಮುಂದಿನ ಹಣ್ಣಿಗೆ ಇನ್ನೂ ತಿಂಗಳುಗಳಿವೆ, ಈಗ್ಯಾಕಕ್ಕಾ ಇದು?" ಎಂದಳು ತಂಗಿ.

"ತಪ್ಪು ಸಿಕ್ಕಿದೆ ಕಣೇ, ಸುಮ್ನೆ ಕೂರೋಕಾಗುತ್ತಾ?"

ಇಂಥವರು ಬೀದಿಗೊಬ್ಬರಾದರೂ ಇರುತ್ತಾರೆ: ಮೆಚ್ಚುಗೆಯನ್ನು ಹೊಸಿಲಾಚೆ ನಿಲ್ಲಿಸಿ, ದೂರಿಗೆ ಮಣೆ ಹಾಕುವವರು. ಅವರ ಹತ್ತಿರದವರ ಪಾಡು ಕಷ್ಟ, ಏಕೆಂದರೆ ಪ್ರೀತಿಯ ಬಾಯಿಗೆ ಸುಳ್ಳು ಸಲೀಸಾಗಿ ಬರುತ್ತದೆ. ಅವರಾದರೋ ನಿಜ ಸಿಗುವ ಮನೆ ಯಾವುದೆಂದು ಹುಡುಕಿಕೊಂಡು, ಬೇಕಾದರೆ ಹಗೆಯವರ ಬಾಗಿಲನ್ನೂ ತಟ್ಟಿ ಬರುತ್ತಾರೆ.