ಇಸ್ತ್ರಿ ಕಂಬಳಿಯ ಅಡಿ

ಅವನ ಚಿತ್ರಗಳ ಪ್ರದರ್ಶನದಲ್ಲಿ ಮ್ಯೂಸಿಯಮ್ಮಿನವರು ಮೊದಲ ಸಾಲನ್ನು ಮನೆಯವರಿಗೆಂದು ಕಾದಿರಿಸಿದ್ದರು. ಅಲ್ಲಿ ಕೂತವಳು ಅವನ ಅಕ್ಕ. ನಾನು ಮೂರನೇ ಸಾಲಿನಲ್ಲಿ, ಕಂಬದ ಮರೆಗೆ. ಅವನ ಜೊತೆ ಒಂದೇ ಕೋಣೆಯಲ್ಲಿ, ಒಂದೇ ಹಾಸಿಗೆಯಲ್ಲಿ ಅರ್ಧ ಆಯುಷ್ಯ ಕಳೆದವನು ನಾನು. ಆಹ್ವಾನ ಪತ್ರಿಕೆಯಲ್ಲಿ ಮಾತ್ರ ನನ್ನನ್ನು ‘ಸಂಗ್ರಾಹಕರು’ ಎಂದು ಕರೆದಿದ್ದರು. ಸಂಗ್ರಹಿಸುವುದಕ್ಕೆ ಅವನೇನು ಅಂಚೆಚೀಟಿಯೇ?

ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಕಡ್ಡಿ ಎಂದು. ಮೈಯೂ ಹಾಗೇ ಇತ್ತು, ಮಾತೂ ಕಡ್ಡಿ ಮುರಿದ ಹಾಗೆ. ಹಗಲು ಒಂದು ಪ್ರೆಸ್ಸಿನಲ್ಲಿ ಕೂತು ಬಟ್ಟೆ ಅಂಗಡಿಗಳ ಜಾಹೀರಾತಿಗೆ ಶರ್ಟು, ಪ್ಯಾಂಟು ತೊಟ್ಟ ಗಂಡಸರನ್ನು ಬರೆಯುತ್ತಿದ್ದ. ಸಂಜೆ ನನ್ನ ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಅದೇ ಗಂಡಸರ ಬಟ್ಟೆ ಬಿಚ್ಚಿಸಿ ಬರೆಯುತ್ತಿದ್ದ. ಒಬ್ಬರನ್ನೊಬ್ಬರು ಆಸೆಯಿಂದ ನೋಡುವ, ಮುಟ್ಟುವ, ಒಬ್ಬರ ಮೇಲೊಬ್ಬರು ಕಾಲು ಹಾಕಿ ಮಲಗಿದ ಗಂಡಸರು. ಆ ಕಾಲಕ್ಕೆ ನಮ್ಮಂಥವರ ಚಿತ್ರ ಎಂದರೆ ಒಂದೋ ನಗೆಚಾಟಿಕೆ, ಇಲ್ಲವೇ ಪೊಲೀಸಿನವರ ಫೋಟೋ. ನಮ್ಮನ್ನು ಸುಂದರವಾಗಿ ಬರೆಯಬಹುದು ಎಂದು ಅದುವರೆಗೆ ಯಾರಿಗೂ ಹೊಳೆದಿರಲಿಲ್ಲ.

ಅವನದೊಂದು ಹುಚ್ಚು ಕ್ರಮವಿತ್ತು. ಚಿತ್ರಕ್ಕೆ ಕೂರಲು ಬಂದವನ ಅಳತೆಯನ್ನು ಮೊದಲು ನಾನು ತೆಗೆಯಬೇಕು. ಆಮೇಲೆ ಅವನಿಗೊಂದು ಚಡ್ಡಿಯನ್ನೋ ಬನಿಯನ್ನನ್ನೋ ಬೇಕೆಂದೇ ಬಿಗಿಯಾಗಿ ಹೊಲಿದು ಕೊಡಬೇಕು. ಅದನ್ನು ತೊಟ್ಟು ಅವನು ಹರಟೆ ಹೊಡೆಯುತ್ತಾ ಕೂರುತ್ತಿದ್ದ. ಬಿಚ್ಚಿದಾಗ ಸೊಂಟದ ಸುತ್ತ, ತೊಡೆಯ ಮೇಲೆ ಪಟ್ಟಿಯ ಗುರುತು ಕೆಂಪಗೆ ಮೂಡಿರುತ್ತಿತ್ತು. ಅದು ಮಾಸುವುದರೊಳಗೆ ಕಡ್ಡಿ ಬರೆದು ಮುಗಿಸಬೇಕು.

"ಗುರುತಿಲ್ಲದ ಮೈ ಗೊಂಬೇದು ಕಣೋ. ಇವನು ಈಗ ತಾನೇ ಬಿಚ್ಚಿದಾನೆ, ಇನ್ನೊಬ್ಬನಿಗೋಸ್ಕರ ಬಿಚ್ಚಿದಾನೆ. ನೋಡಿದವನಿಗೆ ಅದು ಗೊತ್ತಾಗ್ಬೇಕು," ಎನ್ನುತ್ತಿದ್ದ.

"ನನ್ನ ಹೊಲಿಗೆ ಸರಿಯಿಲ್ಲ ಅಂತಾನೂ ಗೊತ್ತಾಗತ್ತೆ," ಎಂದರೆ ಬಿದ್ದು ಬಿದ್ದು ನಗುತ್ತಿದ್ದ. ಲಾರಿ ಚಾಲಕರು, ಮೂಟೆ ಹೊರುವವರು, ಒಬ್ಬ ಬ್ಯಾಂಕಿನ ಗುಮಾಸ್ತ, ಎಲ್ಲರಿಗೂ ಬೇಕೆಂದೇ ಕೆಟ್ಟದಾಗಿ ಹೊಲಿದೆ. ಊರಲ್ಲೆಲ್ಲ ಒಳ್ಳೆಯ ಟೈಲರ್ ಎಂದು ಹೆಸರು ಮಾಡಿದವನಿಗೆ ಇದು ಕಡಿಮೆ ತ್ಯಾಗವಲ್ಲ.

ಆ ಚಿತ್ರಗಳು ಕದ್ದುಮುಚ್ಚಿ ಅಚ್ಚಾಗಿ, ಸಣ್ಣ ಪುಸ್ತಕಗಳಾಗಿ, ಕೈಯಿಂದ ಕೈಗೆ ಹೋದವು. ಎಲ್ಲೆಲ್ಲಿಂದಲೋ ಜನ ಹುಡುಕಿಕೊಂಡು ಬಂದರು. ಒಬ್ಬ ಮೇಷ್ಟ್ರು ಬಂದು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತರು. ಹಗ್ಗ ತಂದಿಟ್ಟುಕೊಂಡಿದ್ದರಂತೆ. ಆ ಪುಸ್ತಕ ಸಿಕ್ಕ ಮೇಲೆ ಅದೇ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದರಂತೆ. ಇನ್ನು ನಮ್ಮ ಬೀದಿಯವರು ಅಂಗಡಿಯ ಮುಂದೆ ಮೂಗು ಮುರಿದು ಹೋಗುತ್ತಿದ್ದರು. ಹಾಗೆ ಮೂಗು ಮುರಿದವರಲ್ಲೇ ಇಬ್ಬರು ಹಿಂಬಾಗಿಲಿನಿಂದ ಬಂದು ಪುಸ್ತಕ ಇದೆಯಾ ಎಂದು ಕೇಳಿದ್ದೂ ಉಂಟು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವ ಜಾತಿ.

ಪೊಲೀಸರು ಬಂದ ದಿನ ಅವನು ಮೆಟ್ಟಿಲ ಮೇಲೆ ನನ್ನ ಕಿವಿಯಲ್ಲಿ ಹೇಳಿದ್ದು ಒಂದೇ ಮಾತು: "ನನ್ನ ಹಿಂದೆ ಬರ್ಬೇಡ. ಕಾಗದ ನೋಡ್ಕೋ." ನಾನು ಹೋಗಲಿಲ್ಲ. ಇಸ್ತ್ರಿ ಮೇಜಿನ ಕಂಬಳಿ ಎತ್ತಿ, ಚಿತ್ರಗಳನ್ನು ಹಲಗೆಯ ಮೇಲೆ ಒಂದರ ಪಕ್ಕ ಒಂದು ಹರಡಿ, ದಪ್ಪ ರಟ್ಟು ಮುಚ್ಚಿ, ಮೇಲೆ ಕಂಬಳಿ ಹಾಸಿ, ಒಬ್ಬ ಗಿರಾಕಿಯ ಕೋಟಿಗೆ ಇಸ್ತ್ರಿ ಹಾಕುತ್ತಾ ನಿಂತೆ. ಅವರು ಮೇಲಿನ ಕೋಣೆಯ ನೆಲವನ್ನೇ ಕಿತ್ತರು, ಏನೂ ಸಿಗಲಿಲ್ಲ. ಅವನನ್ನು ಬಿಟ್ಟು ಕಳಿಸಿದಾಗ ಬಲಗೈಯ ಎರಡು ಬೆರಳು ಸೊಟ್ಟಗಾಗಿದ್ದವು. ಬಾಗಿಲಲ್ಲೇ ನಿಂತು ಕೇಳಿದ್ದು, "ಇದಾವಾ?" ಎಂದು. ಇದಾವೆ ಎಂದೆ. ಅಷ್ಟಕ್ಕೇ ಮುಖ ಅರಳಿತು. ಅವತ್ತಿನಿಂದ ಅದೇ ನಮ್ಮ ಕಟ್ಟಳೆಯಾಯಿತು. ಏನೇ ಆಗಲಿ, ಮೊದಲು ಕಾಗದ, ಆಮೇಲೆ ನಾವು. ಇದನ್ನು ನೆನಪಿಟ್ಟುಕೊಳ್ಳಿ, ಯಾಕೆಂದರೆ ನಾನು ನೆನಪಿಟ್ಟುಕೊಂಡೇ ಕೆಟ್ಟೆ.

ಶ್ವಾಸಕೋಶ ಕೆಟ್ಟು ಅವನು ಆಸ್ಪತ್ರೆ ಸೇರಿದ. ಸೇರಿಸಿದವನು ನಾನೇ, ಹೊತ್ತುಕೊಂಡು ಹೋಗಿ. ಅವನನ್ನು ಒಳಗೆ ಕರೆದುಕೊಂಡು ಹೋದ ಮೇಲೆ ನರ್ಸು, "ನೀವು ಏನಾಗ್ಬೇಕು?" ಎಂದು ಕೇಳಿದಳು. ಮನೆ ಮಾಲೀಕ ಎಂದೆ, ಬಾಯಿಗೆ ಬಂದದ್ದು ಅದೇ. ಸಂಬಂಧಿಕರಿಗೆ ಮಾತ್ರ ಪ್ರವೇಶ ಎಂದು ಬಾಗಿಲು ಹಾಕಿದಳು.

ಸಂಬಂಧ ಎಂದು ಇದ್ದವಳು ಅಕ್ಕ ಒಬ್ಬಳೇ. ತಾಯಿ ಇಲ್ಲದ ತಮ್ಮನನ್ನು ಎತ್ತಿ ಆಡಿಸಿದವಳು, ಕೈ ಹಿಡಿದು ಮೊದಲ ಗೆರೆ ಬರೆಸಿದವಳು. ಚಿತ್ರಗಳ ಸುದ್ದಿ ತಿಳಿದ ಮೇಲೆ ನಮ್ಮ ಹೊಸಿಲು ತುಳಿದಿರಲಿಲ್ಲ. ಈಗ ಮಗಳಿಗೆ ಗಂಡು ನೋಡುತ್ತಿದ್ದಳು. ವಾರ್ಡಿನ ಹೊರಗಿನ ಬೆಂಚಿನ ಹತ್ತಿರ ನನ್ನನ್ನು ನಿಲ್ಲಿಸಿಕೊಂಡು ಗೇಣು ಹಾಕಿ ಅಳೆದ ಹಾಗೆ ಮಾತಾಡಿದಳು.

"ಆ ಹೊಲಸೆಲ್ಲ ಎಲ್ಲಿದೆ ಅಂತ ನಿನಗೆ ಗೊತ್ತು. ತಂದ್ಕೊಡು. ನನ್ನ ಕಣ್ಮುಂದೆ ಬೂದಿಯಾಗ್ಲಿ. ಆಮೇಲೆ ಒಳಗೆ ಹೋಗಿ ಅವನ ಪಕ್ಕ ಕೂತ್ಕೋ, ಕೊನೇತನಕ ಕೂತ್ಕೋ, ನೀನೂ ನನ್ನ ತಮ್ಮ ಅಂತ ಬರೆಸ್ತೀನಿ."

"ಅಕ್ಕಾ, ಅದು ಅವನ ಜೀವ."

"ಅವನ ಜೀವ ಒಳಗೆ ಮಂಚದ ಮೇಲಿದೆ. ಯಾವುದು ಬೇಕು ನೋಡ್ಕೋ."

ಬೇರೆ ಕಾಗದ ಕೊಟ್ಟು ಯಾಮಾರಿಸಬಹುದಿತ್ತಲ್ಲ ಎಂದು ಈಗ ಬುದ್ಧಿ ಹೇಳುವವರಿದ್ದಾರೆ. ಆ ಗೆರೆ ಕಲಿಸಿದವಳಿಗೆ ಗೆರೆ ಗುರುತು ಸಿಗುವುದಿಲ್ಲವೇ? ಅಂಗಡಿಗೆ ಬಂದೆ. ಕಂಬಳಿ ಎತ್ತಿದೆ. ಒಬ್ಬೊಬ್ಬರನ್ನಾಗಿ ನೋಡಿದೆ, ಲಾರಿಯವನನ್ನು, ಗುಮಾಸ್ತನನ್ನು, ಯೌವನದ ನನ್ನನ್ನು. ಅವನ ಬೆರಳು ಸೊಟ್ಟಗಾದದ್ದು ಇವುಗಳಿಗಾಗಿ. ಇವನ್ನು ಕೊಟ್ಟು ಒಳಗೆ ಹೋದರೆ, ಇದಾವಾ ಎಂದು ಕೇಳುತ್ತಾನೆ. ಏನು ಹೇಳಲಿ? ಅತ್ತ ದರಿ, ಇತ್ತ ಪುಲಿ. ಕಂಬಳಿಯನ್ನು ಮತ್ತೆ ಹಾಸಿದೆ. ಹೋಗಿ ಆಸ್ಪತ್ರೆಯ ಗೇಟಿನ ಎದುರು ನಿಂತೆ. ದಿನಾ ನಿಂತೆ. ಅಕ್ಕ ಬರುವಾಗ ಹೋಗುವಾಗ ನನ್ನ ಖಾಲಿ ಕೈ ನೋಡುತ್ತಿದ್ದಳು. ಕೊನೆಗೊಂದು ಬೆಳಿಗ್ಗೆ ಗೇಟಿನ ಕಾವಲಿನವನು ನನ್ನ ಹತ್ತಿರ ಬಂದು, "ಇನ್ನು ನಿಲ್ಬೇಡಿ ಸ್ವಾಮಿ, ನಿನ್ನೆ ರಾತ್ರೀನೇ ತಗೊಂಡು ಹೋದ್ರು," ಎಂದ.

ಆಮೇಲಿನದು ನಿಮಗೆಲ್ಲ ಗೊತ್ತಿರುವ ಕಥೆ. ಕಾನೂನು ಬದಲಾಯಿತು, ಕಾಲ ಬದಲಾಯಿತು, ಹೊಲಸು ಹೋಗಿ ಕಲೆಯಾಯಿತು. ಅವನು ಬರೆದ ಭಂಗಿಯಲ್ಲಿ ಹುಡುಗರು ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಮ್ಯೂಸಿಯಮ್ಮಿನ ಹೆಂಗಸು ಒಳ್ಳೆಯವಳು. ಇಸ್ತ್ರಿಯ ಶಾಖಕ್ಕೆ ಒಂದಿಷ್ಟು ಕಾಗದ ಕಂದಿದ್ದನ್ನು ಕೂಡ ಮುಟ್ಟಿ ಮುಟ್ಟಿ ನೋಡಿದಳು. ಅಕ್ಕನನ್ನು ಕರೆದವಳೂ ಅವಳೇ.

ಭಾಷಣ ಶುರುವಾಗುವ ಮುಂಚೆ ಅಕ್ಕ ಕೋಲೂರಿಕೊಂಡು ನನ್ನ ಕಂಬದ ಹತ್ತಿರ ಬಂದಳು. ಹಣ್ಣು ಹಣ್ಣು ಮುದುಕಿ. ಎದ್ದು ಕುರ್ಚಿ ಬಿಟ್ಟುಕೊಟ್ಟೆ, ಅಭ್ಯಾಸಬಲ.

"ಒಂದು ಮಾತು ಹೊಟ್ಟೇಲಿಟ್ಕೊಂಡು ಬದುಕಿದೀನಿ. ಸಾಯೋಕೆ ಮುಂಚೆ ಹೇಳಿಬಿಡ್ತೀನಿ," ಎಂದಳು. "ನಾನು ನಿನ್ನ ಕೇಳಿದ್ದನ್ನ ಅವನಿಗೂ ಹೇಳಿದ್ದೆ. ಒಪ್ಕೊಂಡುಬಿಟ್ಟ."

"ಏನಂತ?"

"ಸುಟ್ಟಾಕು ಅಂತ ಅವನಿಗೆ ಹೇಳಕ್ಕಾ, ನಾನೇ ಹೇಳಿದೆ ಅಂತ ಹೇಳು, ಎಲ್ಲಾನೂ ಸುಟ್ಟಾಕಿ ಬಂದ್ಬಿಡ್ಲಿ ಅಂದ. ಉಸಿರು ಸಿಕ್ಕಾಗೆಲ್ಲ ಅದನ್ನೇ ಅಂದ. ಬಾಗಿಲ ಕಡೆಗೇ ನೋಡ್ತಿದ್ದ."

"ನೀನು ಕೇಳಿದ್ದೂ ಅದೇ ಅಲ್ವಾ? ಮತ್ತೆ ನನಗೆ ಯಾಕೆ ಹೇಳ್ಲಿಲ್ಲ?"

"ಎತ್ತಿ ಸಾಕಿದೋಳು ನಾನು. ನನ್ನ ಕೈ ಹಿಡ್ಕೊಂಡು ನಿನ್ನನ್ನ ಕರೀತಿದ್ದ. ತಡ್ಕೊಳ್ಳೋಕೆ ಆಗ್ಲಿಲ್ಲ. ಚಿತ್ರ ಇದ್ರೆ ಇರ್ಲಿ, ನೀನು ಮಾತ್ರ ಬರಬಾರ್ದು ಅನ್ನಿಸ್ತು." ಸೆರಗಿನಿಂದ ಮೂಗು ಒರೆಸಿಕೊಂಡಳು. "ನೀನು ಬರಲ್ಲ ಅಂದೆ ಅಂತ ಅವನಿಗೆ ಹೇಳ್ಬಿಟ್ಟೆ."

ಅಷ್ಟರಲ್ಲಿ ಮೈಕಿನಲ್ಲಿ ನನ್ನ ಹೆಸರು ಕರೆದರು. ಈ ಚಿತ್ರಗಳು ಇಂದು ಉಳಿದಿದ್ದರೆ ಇವರೊಬ್ಬರಿಂದ ಎಂದರು. ಸಭೆಗೆ ಸಭೆಯೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ಗೋಡೆ ತುಂಬ ಅವನ ಗಂಡಸರು, ಒಬ್ಬರಿಗಿಂತ ಒಬ್ಬರು ಚೆಲುವರು. ಕೈಗೊಂದು ಬೆಂಕಿಪೊಟ್ಟಣ ಸಿಕ್ಕಿದ್ದರೆ ಗೋಡೆಯ ಮೇಲಿನ ಆ ಗಂಡಸರಿಗೆಲ್ಲ ಅಲ್ಲೇ ಹಚ್ಚಿ ಅವನ ಹತ್ತಿರ ಓಡಿಬಿಡುತ್ತಿದ್ದೆ. ಓಡುವುದಾದರೂ ಎಲ್ಲಿಗೆ? ಚಪ್ಪಾಳೆ ನಿಲ್ಲಲಿ ಎಂದು ತಲೆ ತಗ್ಗಿಸಿ ಕಾದೆ. ಅವರು ಮಾತ್ರ ತಟ್ಟುತ್ತಲೇ ಇದ್ದರು.